ಜುಡಿತ್ ಕ್ಯಾಂಪಿಸಿ: ಮುಪ್ಪು ಮತ್ತು ಕ್ಯಾನ್ಸರಿನ ಒಳನಂಟು

ಜೀವಕೋಶಗಳು ಎಗ್ಗಿಲ್ಲದೆ ಬೆಳೆದರೆ ಕ್ಯಾನ್ಸರ್. ಬೆಳೆಯುವ ಕಸುವೇ ಬತ್ತಿದರೆ ಮುಪ್ಪು. ಒಂದಕ್ಕೊಂದು ತದ್ವಿರುದ್ಧವಾಗಿ ಕಾಣುವ ಇವೆರಡೂ ಬದುಕಿನ ಒಂದೇ ಘಟ್ಟದಲ್ಲಿ ಏಕೆ ಎದುರಾಗುತ್ತವೆ? ಮನುಷ್ಯರಲ್ಲಿ ಐವತ್ತು ದಾಟಿದ ಮೇಲೆ ಕ್ಯಾನ್ಸರ್ ಬೇಗಬೇಗ ಹೆಚ್ಚುತ್ತದೆ. ಎರಡು–ಮೂರು ವರ್ಷವಷ್ಟೇ ಬದುಕುವ ಇಲಿಯಲ್ಲೂ ಅದರ ಕೊನೆಗಾಲದಲ್ಲಿ ಹೀಗೆಯೇ ಆಗುತ್ತದೆ. ಕ್ಯಾನ್ಸರಿಗೆ ಕಾರಣ ಕಾಲಕ್ರಮದಲ್ಲಿ ಜಮೆಯಾಗುವ ಜೀನ್‌ದೋಷಗಳು ಮಾತ್ರವೇ ಆಗಿದ್ದರೆ ಇಲಿಗೆ ಇಷ್ಟು ಅವಸರವಾಗಿ ಅದು ಬರಬೇಕಿರಲಿಲ್ಲ. ಮುಪ್ಪಾದ ದೇಹದ ಒಳಗಿನ ವಾತಾವರಣವೇ ಕ್ಯಾನ್ಸರಿಗೆ ಅನುಕೂಲ ಮಾಡಿಕೊಡುತ್ತಿರಬೇಕು. ಅಮೆರಿಕದ ಜೀವವಿಜ್ಞಾನಿ ಜುಡಿತ್ ಕ್ಯಾಂಪಿಸಿ (1948–2024) ದಶಕಗಳ ಕಾಲ ಬೆನ್ನುಹತ್ತಿದ ಪ್ರಶ್ನೆಯಿದು.

1961ರಲ್ಲಿ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯ ಲೆನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್, ಮನುಷ್ಯನ ಸಾಮಾನ್ಯ ಕೋಶಗಳು ಸುಮಾರು ಐವತ್ತು ಸಲ ವಿಭಜನೆಯಾಗಿ ನಿಂತುಬಿಡುತ್ತವೆ ಎಂದು ತೋರಿಸಿದ್ದರು. ನಿಂತ ಕೋಶ ಸಾಯುವುದಿಲ್ಲ, ಹಾಗೇ ಉಳಿಯುತ್ತದೆ; ಇದೇ ಮುಪ್ಪಾದ ಕೋಶ. ಡಿಎನ್ಎಗೆ ಏಟು ಬಿದ್ದಾಗ, ಕ್ಯಾನ್ಸರ್ ತರುವ ಜೀನ್ ಚುರುಕಾದಾಗಲೂ ಪಿ53, ಪಿ16 ಎಂಬ ಪ್ರೋಟೀನುಗಳು ಕೋಶವನ್ನು ಹೀಗೆ ನಿಲ್ಲಿಸುತ್ತವೆ. ಇದು ಗಡ್ಡೆ ಹುಟ್ಟದಂತೆ ದೇಹ ಹಾಕಿಕೊಂಡ ತಡೆ. ಪ್ರಯೋಗಾಲಯದ ತಟ್ಟೆಯಲ್ಲಿ ಕಂಡದ್ದು ದೇಹದೊಳಗೂ ನಡೆಯುತ್ತದೆಯೇ ಎಂಬ ಅನುಮಾನ ಮಾತ್ರ ಉಳಿದಿತ್ತು. 1995ರಲ್ಲಿ ಗೋಬರ್ಧನ್ ದಿಮ್ರಿ, ಕ್ಯಾಂಪಿಸಿ ಮತ್ತು ಸಂಗಡಿಗರು ಇಂಥ ಕೋಶಗಳನ್ನು ನೀಲಿಯಾಗಿ ತೋರಿಸುವ ಪರೀಕ್ಷೆಯೊಂದನ್ನು ರೂಪಿಸಿದರು. ವಯಸ್ಸಾದವರ ಚರ್ಮದ ತುಣುಕುಗಳಲ್ಲಿ ನೀಲಿ ಕೋಶಗಳು ಹೆಚ್ಚಿದ್ದವು.

ಆದರೆ ಕ್ಯಾಂಪಿಸಿ ಅವರ ನಿಜವಾದ ಕೊಡುಗೆ, ನಿಂತ ಕೋಶ ಸುಮ್ಮನಿರುವುದಿಲ್ಲ ಎಂದು ಕಂಡುಕೊಂಡದ್ದು. 2001ರಲ್ಲಿ ಅವರ ತಂಡ, ಕ್ಯಾನ್ಸರಿನ ಹೊಸ್ತಿಲಲ್ಲಿದ್ದ ಕೋಶಗಳನ್ನು ಮುಪ್ಪಾದ ಕೋಶಗಳೊಂದಿಗೆ ಬೆರೆಸಿ ಇಲಿಗಳಿಗೆ ಚುಚ್ಚಿತು. ಎಳೆಯ ಕೋಶಗಳೊಂದಿಗೆ ಬೆರೆಸಿದಾಗ ಆಗದಷ್ಟು ಜೋರಾಗಿ ಗಡ್ಡೆಗಳು ಬೆಳೆದವು. ಕ್ಯಾಲಿಫೋರ್ನಿಯಾದ ಬಕ್ ಸಂಸ್ಥೆಗೆ ಬಂದ ಮೇಲೆ, 2008ರಲ್ಲಿ, ಅದರ ಕಾರಣವನ್ನೂ ವಿವರವಾಗಿ ದಾಖಲಿಸಿದರು. ಮುಪ್ಪಾದ ಕೋಶಗಳು ಐಎಲ್-6, ಐಎಲ್-8ರಂತಹ ಉರಿಯೂತದ ಪ್ರೋಟೀನುಗಳನ್ನು ಸತತವಾಗಿ ಸ್ರವಿಸುತ್ತವೆ, ಸುತ್ತಲಿನ ಅಂಗಾಂಶವನ್ನು ಕರಗಿಸುವ ಕಿಣ್ವಗಳನ್ನೂ ಬಿಡುತ್ತವೆ. ತಾನು ಕ್ಯಾನ್ಸರ್ ಆಗದಂತೆ ನಿಂತ ಕೋಶವೇ ಪಕ್ಕದ ಕೋಶವನ್ನು ಆ ದಾರಿಗೆ ದೂಡುತ್ತದೆ. ಯೌವನದಲ್ಲಿ ನೆರವಾಗುವ ಗುಣವೊಂದು ಮುಂದೆ ಕೇಡು ತಂದರೂ ವಿಕಾಸ ಅದನ್ನು ಉಳಿಸಿಕೊಳ್ಳುತ್ತದೆ ಎಂದು ಜಾರ್ಜ್ ವಿಲಿಯಮ್ಸ್ 1957ರಲ್ಲಿ ಮಂಡಿಸಿದ್ದ ವಾದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗುವುದು ಕಷ್ಟ.

ಹಾಗಾದರೆ ಕ್ಯಾನ್ಸರ್ ತಡೆಗೆ ಮುಪ್ಪೇ ಬೆಲೆಯೇ? 2002ರಲ್ಲಿ ಪಿ53 ಸದಾ ಅತಿಚುರುಕಾಗಿದ್ದ ಇಲಿಗಳಲ್ಲಿ ಗಡ್ಡೆಗಳು ಅಪರೂಪವಾದವು. ಆದರೆ ಮೂಳೆ ಸವೆದು, ಬೆನ್ನು ಬಾಗಿ ಅವು ಬೇಗ ಮುದಿಯಾದವು. ಅದೇ ವರ್ಷ ಸ್ಪೇನಿನ ಮಾನ್ಯುಯೆಲ್ ಸೆರಾನೊ ತಂಡದ ಇಲಿಗಳು ಇದಕ್ಕೆ ಎದುರುತ್ತರ ಕೊಟ್ಟವು. ಅವುಗಳಲ್ಲಿ ಪಿ53 ಜೀನಿನ ಹೆಚ್ಚುವರಿ ಪ್ರತಿಯಿದ್ದರೂ ಅದು ಸಹಜ ಹತೋಟಿಯಲ್ಲೇ ಇತ್ತು. ಕ್ಯಾನ್ಸರಿಗೆ ಅವು ಬಗ್ಗಲಿಲ್ಲ, ಬೇಗ ಮುದಿಯೂ ಆಗಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಆಕ್ಷೇಪ ಕ್ಯಾಂಪಿಸಿ ಅವರ ವಾದವನ್ನು ಉರುಳಿಸುವುದಿಲ್ಲ, ಹರಿತಗೊಳಿಸುತ್ತದೆ: ಕೇಡು ತಡೆಯ ಬಲದಲ್ಲಿಲ್ಲ, ಕೆಲಸ ಮುಗಿದ ಮೇಲೂ ಅದು ಸಡಿಲವಾಗದೆ ಉಳಿಯುವುದರಲ್ಲಿದೆ.

ಮುಪ್ಪಾದ ಕೋಶಗಳನ್ನೆಲ್ಲ ತೆಗೆದುಹಾಕಿದರಾಯಿತಲ್ಲ ಎನ್ನಬಹುದು. ಮೇಯೊ ಕ್ಲಿನಿಕ್‌ನ ವಿಜ್ಞಾನಿಗಳು 2016ರಲ್ಲಿ ಪಿ16 ಇರುವ ಕೋಶಗಳನ್ನು ತೆಗೆದಾಗ ಇಲಿಗಳ ಆಯಸ್ಸು ಹೆಚ್ಚಿತು, ಗಡ್ಡೆಗಳೂ ತಡವಾಗಿ ಬಂದವು. ಆದರೆ ಅದಕ್ಕೆ ಮೊದಲೇ, 2014ರಲ್ಲಿ, ಇಂಥ ಕೋಶಗಳಿಲ್ಲದ ಇಲಿಗಳಲ್ಲಿ ಗಾಯ ನಿಧಾನವಾಗಿ ಮಾಯುತ್ತದೆ ಎಂದು ಕ್ಯಾಂಪಿಸಿ ತಂಡವೇ ತೋರಿಸಿತ್ತು. ತಮ್ಮ ಸಿದ್ಧಾಂತಕ್ಕೆ ತೊಡಕಾಗಬಹುದಾದ ಫಲಿತಾಂಶವನ್ನು ತಾವೇ ಮುಂದಿಟ್ಟ ಆ ಪ್ರಾಮಾಣಿಕತೆ ದೊಡ್ಡದು. ಅವರೂ ಸೇರಿ ಸ್ಥಾಪಿಸಿದ ಯೂನಿಟಿ ಕಂಪನಿ ಇಂಥ ಕೋಶಗಳನ್ನು ತೆಗೆಯಲೆಂದು ರೂಪಿಸಿದ ಮೊಣಕಾಲು ಸಂಧಿವಾತದ ಔಷಧ 2020ರಲ್ಲಿ ಮಾನವ ಪರೀಕ್ಷೆಯಲ್ಲಿ ಸೋತಿತು. ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲೂ ಗೆಲ್ಲಬೇಕೆಂದಿಲ್ಲ. ಹಾಗಿದ್ದೂ ಕಿಮೊಥೆರಪಿಯ ವಿಷಯದಲ್ಲಿ ಈ ಸಂಶೋಧನೆಗೆ ತುರ್ತು ಇದೆ: ಗಡ್ಡೆಯನ್ನು ಕೊಲ್ಲುವ ಔಷಧಗಳೇ ಆರೋಗ್ಯವಂತ ಕೋಶಗಳನ್ನು ಮುಪ್ಪಾಗಿಸುತ್ತವೆ. 2017ರಲ್ಲಿ ಕ್ಯಾಂಪಿಸಿ ಮತ್ತು ಸಂಗಡಿಗರು ಚಿಕಿತ್ಸೆ ಪಡೆದ ಇಲಿಗಳಿಂದ ಅಂಥ ಕೋಶಗಳನ್ನು ತೆಗೆದಾಗ ಅಡ್ಡಪರಿಣಾಮಗಳು ತಗ್ಗಿದವು, ಕ್ಯಾನ್ಸರ್ ಮರುಕಳಿಸುವುದೂ ಕಡಿಮೆಯಾಯಿತು.