ಮಗುವಿನ ಲಸಿಕೆ: ಕ್ಯಾಂಪಿನಲ್ಲಿ ಉಚಿತವಾಗಿ ಎಲ್ಲಿ, ಹೇಗೆ?



ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ರೂಢಿ. ವಿಜಯಪುರದಲ್ಲೋ ಧಾರವಾಡದಲ್ಲೋ ಮಗು ಹುಟ್ಟುತ್ತದೆ, ಮೊದಲ ಲಸಿಕೆಗಳು ಅಲ್ಲೇ ಆಗುತ್ತವೆ. ಬಾಣಂತನ ಮುಗಿಸಿ ಪುಣೆಗೆ ಮರಳಿದ ಮೇಲೆ ಚಿಂತೆ ಶುರು: ಮುಂದಿನ ಚುಚ್ಚುಮದ್ದು ಎಲ್ಲಿ? ಖಾಸಗಿ ಕ್ಲಿನಿಕ್ಕಿನಲ್ಲಿ ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆಯ ಒಂದು ಡೋಸಿಗೇ ಸಾವಿರ ರೂಪಾಯಿ ಮೀರುತ್ತದೆ. ದುಡ್ಡು ಹೊಂದಿಸಿಕೊಂಡು ಹೋಗೋಣ ಎಂದು ಮುಂದೂಡಿದರೆ, ಅಷ್ಟು ದಿನವೂ ಮಗುವಿಗೆ ರಕ್ಷಣೆ ಇಲ್ಲ.

ಆದರೆ ಪಿಸಿವಿ ಸರ್ಕಾರಿ ಕೇಂದ್ರಗಳಲ್ಲಿ ಪೂರ್ತಿ ಉಚಿತ. 1985ರಲ್ಲಿ ಆರಂಭವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಇದು 2017ರಲ್ಲಿ ಸೇರಿ, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಬಿಸಿಜಿ, ಪೋಲಿಯೊ, ಪೆಂಟಾವೇಲೆಂಟ್, ರೋಟಾವೈರಸ್, ದಡಾರ-ರುಬೆಲ್ಲಾ ಲಸಿಕೆಗಳಿಗೂ ಹಣವಿಲ್ಲ. ಬಡವರಿಗೆ ಮಾತ್ರ ಎಂಬ ನಿಯಮವೂ ಇಲ್ಲ.

ಕ್ಯಾಂಪಿನವರಿಗೆ ಹತ್ತಿರದ್ದು ಸರ್ದಾರ್ ವಲ್ಲಭಭಾಯಿ ಪಟೇಲ್ ಕಂಟೋನ್ಮೆಂಟ್ ಆಸ್ಪತ್ರೆ. ಸ್ಟೇಷನ್ ಬಳಿ ಸಸೂನ್, ಮಂಗಳವಾರ ಪೇಟೆಯಲ್ಲಿ ಪಾಲಿಕೆಯ ಕಮಲಾ ನೆಹರೂ ಆಸ್ಪತ್ರೆ ಇವೆ. ಮರಾಠಿ ಫಲಕದಲ್ಲಿ ‘ಲಸೀಕರಣ’ ಎಂದಿದ್ದರೆ ಅದು ನಮ್ಮ ಲಸಿಕೆಯೇ. ಹೋಗುವ ಮೊದಲು ಯಾವ ವಾರ, ಎಷ್ಟು ಹೊತ್ತಿಗೆ ಎಂದು ವಿಚಾರಿಸಿ. ಬಿಸಿಜಿ, ದಡಾರ-ರುಬೆಲ್ಲಾ ಸೀಸೆಯಲ್ಲಿ ಹಲವು ಮಕ್ಕಳಿಗಾಗುವಷ್ಟು ಡೋಸ್ ಇರುತ್ತದೆ. ಕಲಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು. ಅದಕ್ಕೇ ಕೇಂದ್ರಗಳು ದಿನ ಗೊತ್ತುಮಾಡಿ ಮಕ್ಕಳನ್ನು ಕರೆಯುತ್ತವೆ.

ಊರಿನಿಂದ ತಂದ ‘ತಾಯಿ ಕಾರ್ಡ್’ ಜೋಪಾನವಾಗಿಡಿ. ಕನ್ನಡದಲ್ಲಿದೆ ಎಂದು ಹಿಂಜರಿಯಬೇಡಿ. ಲಸಿಕೆಯ ಹೆಸರು, ತಾರೀಖು ಓದಿ ಹೇಳಿದರಾಯಿತು. ರಾಷ್ಟ್ರೀಯ ವೇಳಾಪಟ್ಟಿ ಎರಡೂ ರಾಜ್ಯಗಳಿಗೆ ಒಂದೇ. ಹುಟ್ಟಿದಾಗ, 6, 10, 14 ವಾರಕ್ಕೆ, 9 ತಿಂಗಳಿಗೆ, 16ರಿಂದ 24 ತಿಂಗಳೊಳಗೆ, ಮತ್ತೆ 5-6 ವರ್ಷಕ್ಕೆ. ಮಗು ಚೆನ್ನಾಗಿ ಆಡಿಕೊಂಡಿದೆಯೆಂದು ಮನೆಯವರು ಮರೆಯುವುದು ಒಂಬತ್ತನೇ ತಿಂಗಳ ನಂತರದವನ್ನೇ. ದಡಾರದ ಎರಡನೇ ಡೋಸ್ ಬರುವುದು ಆಗಲೇ!

ತಡವಾಯಿತೇ? ಬೈಸಿಕೊಳ್ಳಬೇಕಾದೀತೆಂದು ಮನೆಯಲ್ಲಿ ಕೂರಬೇಡಿ. ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಆದರೆ ಬಿಸಿಜಿ, ರೋಟಾವೈರಸ್‌ನಂಥವನ್ನು ಸರ್ಕಾರಿ ಕಾರ್ಯಕ್ರಮದಲ್ಲಿ ಶುರುಮಾಡಲು ಒಂದು ವರ್ಷದ ಗಡುವಿದೆ.

ಸೀತಾಳೆ ಸಿಡುಬು, ಹೆಪಟೈಟಿಸ್-ಎ, ಟೈಫಾಯ್ಡ್ ಲಸಿಕೆಗಳು ರಾಷ್ಟ್ರೀಯ ಉಚಿತ ಪಟ್ಟಿಯಲ್ಲಿಲ್ಲ. ಮೊದಲು ಉಚಿತವಾದವನ್ನು ಮುಗಿಸಿ, ಉಳಿದ ದುಡ್ಡನ್ನು ವೈದ್ಯರ ಸಲಹೆಯಂತೆ ಇವಕ್ಕಿಡಿ. ‘ನೋವಿಲ್ಲದ ಚುಚ್ಚುಮದ್ದು’ ಎಂಬ ದುಬಾರಿ ಬಗೆಯಲ್ಲಿ ಜ್ವರ, ಬಾವು ಕಡಿಮೆ, ನಿಜ. ರಕ್ಷಣೆ ಮಾತ್ರ ಹೆಚ್ಚಲ್ಲ.

ಇವತ್ತೇ ಕಾರ್ಡ್ ತೆಗೆದು ಮುಂದಿನ ತಾರೀಖು ನೋಡಿ. ಪಕ್ಕದ ಮನೆಯ ಬಾಣಂತಿಗೂ ತಿಳಿಸಿ.