ಯುಎಸ್‌ಬಿ ಹಬ್ ಹಾಕಿದ ಕೂಡಲೇ ವೈಫೈ ಯಾಕೆ ನಿಧಾನ?

ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಹಬ್ ಸಿಕ್ಕಿಸಿ, ಹಾರ್ಡ್ ಡಿಸ್ಕ್‌ನಿಂದ ಫೈಲ್ ಕಾಪಿಗೆ ಹಾಕಿದ್ರಿ. ಅಷ್ಟರಲ್ಲಿ ವಿಡಿಯೋ ಕಾಲ್ ತಡವರಿಸೋಕೆ ಶುರು. ವೈರ್‌ಲೆಸ್ ಮೌಸ್ ಕೂಡ ತಡೆದು ತಡೆದು ಓಡುತ್ತೆ. ಇಂಟರ್ನೆಟ್ ಕಂಪನಿಗೆ ಫೋನ್ ಮಾಡೋ ಮೊದಲು ಆ ಹಬ್ ಕಡೆ ನೋಡಿ.

ಹಬ್ ಯುಎಸ್‌ಬಿ 3.0 ಆಗಿದ್ರೆ, ಅದು ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಡೇಟಾ ಕಳಿಸುತ್ತೆ. ಆಗ ಕೇಬಲ್, ಕನೆಕ್ಟರ್‌ಗಳಿಂದ ರೇಡಿಯೋ ಗದ್ದಲ ಸೋರುತ್ತೆ. ಅದರಲ್ಲಿ ಒಂದು ಪಾಲು ಬೀಳೋದು 2.4 ಗಿಗಾಹರ್ಟ್ಸ್ ಬ್ಯಾಂಡ್ ಮೇಲೆ. ಎಷ್ಟೋ ಮನೆಗಳ ವೈಫೈ, ಬ್ಲೂಟೂತ್, ಮೌಸ್ ಡಾಂಗಲ್ ಕೆಲಸ ಮಾಡೋದೂ ಅಲ್ಲೇ. ಇಂಟೆಲ್ 2012ರಲ್ಲೇ ಈ ತೊಂದರೆಯನ್ನು ಅಳೆದು ವರದಿ ಕೊಟ್ಟಿತ್ತು. ಒಳಗಿನ ಲೋಹದ ಕವಚ ಸರಿಯಿಲ್ಲದ ಹಬ್‌ಗಳಲ್ಲಿ ಈ ಸೋರಿಕೆ ಜಾಸ್ತಿ.

ಹಾಗಾದ್ರೆ ಏನು ಮಾಡಬೇಕು?

ಒಂದು: ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ.

ಎರಡು: ಉದ್ದದ ಕೇಬಲ್ ಬಳಸಿ ಹಬ್ ಅನ್ನು ಲ್ಯಾಪ್‌ಟಾಪ್‌ನ ವೈಫೈ ಆಂಟೆನಾದಿಂದ ದೂರ ಇಡಿ. ಆ ಆಂಟೆನಾ ಸಾಮಾನ್ಯವಾಗಿ ಸ್ಕ್ರೀನ್ ಅಂಚಿನಲ್ಲೋ ಹಿಂಜ್ ಹತ್ತಿರವೋ ಇರುತ್ತೆ.

ಮೂರು: ಮೌಸ್ ಡಾಂಗಲ್ ಹಬ್‌ಗೆ ಬೇಡ, ಲ್ಯಾಪ್‌ಟಾಪ್‌ನ ಇನ್ನೊಂದು ಬದಿಯ ಪೋರ್ಟ್‌ಗೆ ಹಾಕಿ.

ಹೊಸ ರೌಟರ್‌ಗೆ ದುಡ್ಡು ಸುರಿಯೋ ಮುಂಚೆ, ಹಬ್ ತೆಗೆದು ಒಮ್ಮೆ ಸ್ಪೀಡ್ ಟೆಸ್ಟ್ ಮಾಡಿ ನೋಡಿ.