ಎಂ.ಎಸ್ಸಿ. ರಸಾಯನಶಾಸ್ತ್ರ: ಸೀಟು ಸಿಕ್ಕರೆ ಸಾಲದು

ಬಿ.ಎಸ್ಸಿ. ಅಂತಿಮ ಸೆಮಿಸ್ಟರಿನ ಫಲಿತಾಂಶ ಹೊರಬೀಳುತ್ತಿದ್ದಂತೆ ಮನೆಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಬಿ.ಎಡ್. ಮಾಡಿಸುವುದೋ, ಎಂ.ಎಸ್ಸಿ.ಗೆ ಕಳಿಸುವುದೋ? ಮಗನೋ ಮಗಳೋ ರಸಾಯನಶಾಸ್ತ್ರದಲ್ಲಿ ಒಳ್ಳೆಯ ಅಂಕ ತೆಗೆದಿದ್ದರೆ 'ಕೆಮಿಸ್ಟ್ರಿಗೆ ಯಾವತ್ತೂ ಡಿಮ್ಯಾಂಡ್ ಇದೆ' ಎಂದು ನೆಂಟರಲ್ಲೊಬ್ಬರು ಹೇಳಿಯೇ ಹೇಳುತ್ತಾರೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಈ ಸ್ನಾತಕೋತ್ತರ ಪದವಿ ವಿದ್ಯಾರ್ಥಿಯಿಂದ ಏನೇನನ್ನು ಬಯಸುತ್ತದೆ, ಯಾವ ಹಂತದಲ್ಲಿ ಬಯಸುತ್ತದೆ ಎಂಬುದು ಬಹಳ ಮಂದಿಗೆ ತಿಳಿಯುವುದು ಸೇರಿದ ಮೇಲೆ. ಕೆಲವರಿಗಂತೂ ಮುಗಿಸಿದ ಮೇಲೆ.

ಮೊದಲು ಅರ್ಹತೆಯ ವಿಚಾರ. ಕರ್ನಾಟಕದ ವಿಶ್ವವಿದ್ಯಾನಿಲಯಗಳಲ್ಲಿ ಇದು ರೂಢಿಯಂತೆ ಎರಡು ವರ್ಷಗಳ, ನಾಲ್ಕು ಸೆಮಿಸ್ಟರುಗಳ ವ್ಯಾಸಂಗ. ಪದವಿಯಲ್ಲಿ ರಸಾಯನಶಾಸ್ತ್ರವನ್ನು ಪ್ರಧಾನ ವಿಷಯಗಳಲ್ಲಿ ಒಂದಾಗಿ ಓದಿರಬೇಕು. ನಿಗದಿಪಡಿಸಿದ ಕನಿಷ್ಠ ಅಂಕಗಳಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಪ್ರವರ್ಗ-1ರ ಅಭ್ಯರ್ಥಿಗಳಿಗೆ ಅಂಕಗಳಲ್ಲಿ ರಿಯಾಯಿತಿ ಉಂಟು. ಆ ಕನಿಷ್ಠ ಎಷ್ಟೆಂಬುದು ಒಂದೊಂದು ವಿಶ್ವವಿದ್ಯಾನಿಲಯದಲ್ಲಿ ಒಂದೊಂದು ಬಗೆ. ಇಲ್ಲಿ ಆಯಾ ವರ್ಷದ ಪ್ರವೇಶ ಪ್ರಕಟಣೆಯೇ ಪ್ರಮಾಣ. ಹಾಸ್ಟೆಲಿನ ಹಿರಿಯ ವಿದ್ಯಾರ್ಥಿಗಳ ನೆನಪಲ್ಲ.

ಇತ್ತೀಚಿನ ತಂಡಗಳಿಗೆ ಇನ್ನೊಂದು ತೊಡಕಿದೆ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ರಾಜ್ಯದಲ್ಲಿ ನಾಲ್ಕು ವರ್ಷಗಳ ಆನರ್ಸ್ ಪದವಿ ಬಂತು. 2024-25ರಿಂದ ಮತ್ತೆ ಮೂರು ವರ್ಷಗಳ ಪದವಿಗೆ ಮರಳಲಾಯಿತು. ನಡುವೆ ಸೇರಿದವರಿಗೆ ಮೂರನೆಯ ವರ್ಷದಲ್ಲಿ ಒಂದು ವಿಷಯವನ್ನು ಮೇಜರ್, ಇನ್ನೊಂದನ್ನು ಮೈನರ್ ಆಗಿ ಆರಿಸಿಕೊಳ್ಳುವ ವ್ಯವಸ್ಥೆಯಿತ್ತು. ಸಸ್ಯಶಾಸ್ತ್ರವನ್ನು ಮೇಜರ್ ಮಾಡಿಕೊಂಡು ರಸಾಯನಶಾಸ್ತ್ರವನ್ನು ಮೈನರಿಗೆ ಇಳಿಸಿದ ವಿದ್ಯಾರ್ಥಿ, ಅರ್ಜಿ ತುಂಬುವ ಮೊದಲೇ ವಿಭಾಗಕ್ಕೆ ಹೋಗಿ ತನ್ನ ಅರ್ಹತೆ ಖಚಿತಪಡಿಸಿಕೊಳ್ಳುವುದು ಕ್ಷೇಮ. ಕೌನ್ಸೆಲಿಂಗ್ ದಿನ ಅಂಕಪಟ್ಟಿ ಹಿಡಿದು ವಾದಿಸುವುದರಿಂದ ಪ್ರಯೋಜನವಿಲ್ಲ. ನಾಲ್ಕು ವರ್ಷ ಓದಿದವರಿಗೆ ಒಂದೇ ವರ್ಷದ ಸ್ನಾತಕೋತ್ತರ ಪದವಿ ಸಾಕೆಂದು ಯುಜಿಸಿಯ 2024ರ ಚೌಕಟ್ಟು ಹೇಳುತ್ತದೆ ನಿಜ. ಆದರೆ ಚೌಕಟ್ಟು ಇದ್ದ ಮಾತ್ರಕ್ಕೆ ಹತ್ತಿರದ ಕ್ಯಾಂಪಸ್ಸಿನಲ್ಲಿ ಅಂಥ ವ್ಯಾಸಂಗ ಇದೆಯೆಂದು ಅರ್ಥವಲ್ಲ.

ಎಂ.ಎಸ್ಸಿ.ಗಾಗಿ ಊರು ಬಿಡುವುದು ಕನ್ನಡಿಗರಿಗೆ ಹೊಸದೇನೂ ಅಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1951ರಲ್ಲಿ ಬಿ.ಎಸ್ಸಿ. ಮುಗಿಸಿದ ಸಿ.ಎನ್.ಆರ್. ರಾವ್ ಎಂ.ಎಸ್ಸಿ.ಗೆ ಹೋದದ್ದು ಬನಾರಸ್ ಹಿಂದೂ ವಿಶ್ವವಿದ್ಯಾನಿಲಯಕ್ಕೆ. ಅಲ್ಲಿಂದ ಅಮೆರಿಕದ ಪರ್ಡ್ಯೂ, 1958ರಲ್ಲಿ ಪಿಎಚ್.ಡಿ.; 2014ರಲ್ಲಿ ಭಾರತ ರತ್ನ. ಇಂದು ಹೊರಗೆ ಹೋಗಲು ದಾರಿ ಪ್ರವೇಶ ಪರೀಕ್ಷೆ. ಐಐಟಿಗಳು 2004ರಿಂದ ನಡೆಸುತ್ತಿರುವ 'ಜಾಮ್' ಪರೀಕ್ಷೆಯಲ್ಲಿ ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಸುರತ್ಕಲ್ಲಿನ ಎನ್‌ಐಟಿಕೆಯಂಥ ಸಂಸ್ಥೆಗಳೂ ಇದರ ಅಂಕವನ್ನೇ ನೋಡುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿ.ಎಸ್ಸಿ. ಬಳಿಕ ನೇರವಾಗಿ ಸೇರಬಹುದಾದ ಸಮಗ್ರ ಪಿಎಚ್.ಡಿ.ಗೂ ಇದೇ ಬಾಗಿಲು. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯ ಸೇರಿದಂತೆ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿಯುಇಟಿ-ಪಿಜಿ ಇದೆ.

ಇಲ್ಲಿ ಎಡವುವವರು ದಡ್ಡರಲ್ಲ, ತಡಮಾಡಿದವರು. ಜಾಮ್ ನಡೆಯುವುದು ಫೆಬ್ರವರಿಯಲ್ಲಿ. ಅರ್ಜಿ ತುಂಬಬೇಕಾದದ್ದು ಅದಕ್ಕೂ ಹಲವು ತಿಂಗಳ ಮುಂಚೆ, ಅಂದರೆ ಐದನೆಯ ಸೆಮಿಸ್ಟರ್ ನಡೆಯುತ್ತಿರುವಾಗ. ಜುಲೈನಲ್ಲಿ ಫಲಿತಾಂಶ ನೋಡಿಕೊಂಡು 'ಮುಂದೇನು' ಎಂದು ಯೋಚಿಸುವ ಮನೆಯ ಪಾಲಿಗೆ ಆ ವರ್ಷದ ಜಾಮ್ ಮುಗಿದ ಕಥೆ.

ಗಣಿತದ ಹೆದರಿಕೆ

ಸಿಬಿಜೆಡ್ ಓದಿದವರು ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡಬಹುದೇ? ಪೋಷಕರು ಪದೇ ಪದೇ ಕೇಳುವ ಪ್ರಶ್ನೆಯಿದು. ರಾಜ್ಯದ ವಿಶ್ವವಿದ್ಯಾನಿಲಯಗಳಲ್ಲಿ ಸಾಮಾನ್ಯವಾಗಿ ಅಡ್ಡಿಯಿಲ್ಲ. ಹೊರಗಿನ ಕೆಲವು ಸಂಸ್ಥೆಗಳು ಮಾತ್ರ ಪಿಯುಸಿಯಲ್ಲೋ ಪದವಿಯಲ್ಲೋ ಗಣಿತ ಇರಬೇಕೆನ್ನುತ್ತವೆ. ಆದರೆ ಸೀಟು ಸಿಗುವುದು ಬೇರೆ, ಪಾಠ ತಲೆಗೆ ಹತ್ತುವುದು ಬೇರೆ. ಮೊದಲ ಸೆಮಿಸ್ಟರುಗಳಲ್ಲೇ ಕ್ವಾಂಟಮ್ ರಸಾಯನಶಾಸ್ತ್ರ ಎದುರಾಗುತ್ತದೆ. ಪೆಟ್ಟಿಗೆಯೊಳಗೆ ಸಿಕ್ಕಿಬಿದ್ದ ಕಣದ ಶಕ್ತಿ ಲೆಕ್ಕ ಹಾಕಲು ಕಲನಶಾಸ್ತ್ರ ಬೇಕು. ನೀರಿನ ಅಣು, ಅಮೋನಿಯದ ಅಣು ಇವುಗಳ ಸಮಮಿತಿಯನ್ನು ವಿವರಿಸುವ ಗ್ರೂಪ್ ಥಿಯರಿಗೆ ಮ್ಯಾಟ್ರಿಕ್ಸ್ ಬೇಕು. ಪಿಯುಸಿಯಲ್ಲಿ ಗಣಿತ ಬಿಟ್ಟ ವಿದ್ಯಾರ್ಥಿ ಎಂ.ಎಸ್ಸಿ. ಸೇರುವ ಮುನ್ನ ಸಿಗುವ ರಜೆಯಲ್ಲಿ ದ್ವಿತೀಯ ಪಿಯುಸಿಯ ಗಣಿತ ಪುಸ್ತಕ ತೆರೆದು ಅವಕಲನ, ಅನುಕಲನ, ಮಾತೃಕೆಗಳ ಅಧ್ಯಾಯ ಮಾಡಿಕೊಂಡರೆ ಅರ್ಧ ಭಯ ಕಳೆದಂತೆ. ಕೋಚಿಂಗ್ ಬೇಕಿಲ್ಲ. ಪಕ್ಕದ ಮನೆಯ ಪಿಯು ಹುಡುಗನ ಪುಸ್ತಕ ಸಾಕು.

ಪ್ರಯೋಗಾಲಯವೆಂಬ ಎರಡನೇ ಮನೆ

ಎಂ.ಎ. ಓದುವ ಗೆಳೆಯರು ಮಧ್ಯಾಹ್ನ ಲೈಬ್ರರಿಯಲ್ಲೋ ಕ್ಯಾಂಟೀನಿನಲ್ಲೋ ಇರುವಾಗ ರಸಾಯನಶಾಸ್ತ್ರದ ವಿದ್ಯಾರ್ಥಿ ಬ್ಯೂರೆಟ್ಟಿನ ಮುಂದೆ ನಿಂತಿರುತ್ತಾನೆ. ವಾರದ ಹಲವು ಮಧ್ಯಾಹ್ನಗಳು ಪ್ರಯೋಗಾಲಯಕ್ಕೇ ಮೀಸಲು. ಹಾಜರಾತಿ ಶೇ 75 ಇರಲೇಬೇಕೆಂಬ ನಿಯಮ ಎಲ್ಲರಿಗೂ ಒಂದೇ. ಆದರೆ ತಪ್ಪಿದ ಪಾಠದ ನೋಟ್ಸನ್ನು ಗೆಳೆಯನಿಂದ ಬರೆದುಕೊಳ್ಳಬಹುದು, ತಪ್ಪಿದ ಪ್ರಯೋಗವನ್ನು ಬರೆದುಕೊಳ್ಳಲಾಗದು.

ಪ್ರಯೋಗಗಳಾದರೂ ಎಂಥವು? ಹೆಮಟೈಟ್ ಅದಿರಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ಅಳೆಯುವುದು ಅವುಗಳಲ್ಲೊಂದು. ಸಂಡೂರಿನ ಬೆಟ್ಟಗಳಿಂದ ಲಾರಿಗಳಲ್ಲಿ ಇಳಿಯುವುದು ಇದೇ ಕೆಂಪು ಅದಿರು. ಅದಿರನ್ನು ಆಮ್ಲದಲ್ಲಿ ಕರಗಿಸಿ, ಸ್ಟ್ಯಾನಸ್ ಕ್ಲೋರೈಡಿನಿಂದ ಅಪಕರ್ಷಿಸಿ, ಡೈಕ್ರೋಮೇಟ್ ದ್ರಾವಣದೊಂದಿಗೆ ಟೈಟ್ರೇಟ್ ಮಾಡಬೇಕು. ಸ್ಟ್ಯಾನಸ್ ಕ್ಲೋರೈಡ್ ಹೆಚ್ಚಾದರೂ ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು. ನಿಕ್ಕಲನ್ನು ಡೈಮೀಥೈಲ್ ಗ್ಲೈಆಕ್ಸೈಮಿನಿಂದ ಕೆಂಪು ಒತ್ತರವಾಗಿ ಇಳಿಸಿ, ಸೋಸಿ, ಒಣಗಿಸಿ ತೂಗುವುದು ಮತ್ತೊಂದು. ತೂಕ ಬದಲಾಗದೆ ನಿಲ್ಲುವವರೆಗೆ ಒಣಗಿಸುವುದು, ಆರಿಸುವುದು, ತೂಗುವುದು. ಅವಸರದವರಿಗೆ ಹೇಳಿ ಮಾಡಿಸಿದ ಶಿಕ್ಷೆ. ಮೀಥೈಲ್ ಅಸಿಟೇಟ್ ನೀರಿನಲ್ಲಿ ಒಡೆಯುವ ವೇಗ ಅಳೆಯುವ ಪ್ರಯೋಗದಲ್ಲಿ ನಿಮಿಷಗಳ ಅಂತರದಲ್ಲಿ ರೀಡಿಂಗ್ ತೆಗೆದುಕೊಳ್ಳುತ್ತಾ ಹೋಗಿ, ಕ್ರಿಯೆ ಪೂರ್ತಿ ಮುಗಿದ ಮೇಲಿನ ಕೊನೆಯ ರೀಡಿಂಗಿಗಾಗಿ ಮರುದಿನದವರೆಗೆ ಕಾಯಬೇಕಾಗುವುದೂ ಉಂಟು. ಆ 'ಅನಂತ' ರೀಡಿಂಗನ್ನು ಲೆಕ್ಕದಿಂದ ಹಿಂದುಮುಂದಾಗಿ ಹೊಂದಿಸಿ ರೆಕಾರ್ಡಿನಲ್ಲಿ ಬರೆಯುವ ಜಾಣರು ಪ್ರತಿ ತಂಡದಲ್ಲೂ ಇರುತ್ತಾರೆ. ಆ ಜಾಣತನ ಪ್ರಾಯೋಗಿಕ ಪರೀಕ್ಷೆಯಲ್ಲಿ, ಹೊರಗಿನ ಪರೀಕ್ಷಕರ ಮುಂದೆ, ಬಯಲಾಗುತ್ತದೆ.

ಖರ್ಚಿನ ಲೆಕ್ಕದಲ್ಲಿ ಪೋಷಕರು ಶುಲ್ಕ, ಹಾಸ್ಟೆಲ್ ಎರಡನ್ನೇ ಬರೆದುಕೊಳ್ಳುವುದುಂಟು. ಹತ್ತಿಯ ಲ್ಯಾಬ್ ಕೋಟು, ಕಣ್ಣಿನ ರಕ್ಷಣೆಗೆ ಕನ್ನಡಕ, ಮುಚ್ಚಿದ ಪಾದರಕ್ಷೆ ಇವೂ ಸೇರಬೇಕು. ಒಡೆದ ಗಾಜಿನ ಸಾಮಾನಿಗೆ ದಂಡ ತೆರಬೇಕಾಗಿ ಬಂದರೂ ಬಂತು. ಮಕ್ಕಳಿಗೆ ಉಬ್ಬಸ ಅಥವಾ ಚರ್ಮದ ಅಲರ್ಜಿ ಇದ್ದರೆ ವೈದ್ಯರನ್ನು ಕೇಳಿಯೇ ಮುಂದುವರಿಯುವುದು ಮೇಲು. ಎರಡು ವರ್ಷ ಆಮ್ಲದ ಹಬೆ, ದ್ರಾವಕಗಳ ಆವಿಯ ನಡುವೆ ಕಳೆಯಬೇಕಾಗುತ್ತದೆ.

ಶೇ 55ರ ಗೆರೆ

ಇಷ್ಟೆಲ್ಲ ಆದ ಮೇಲೆ ಪಾಸಾದರೆ ಸಾಕೇ? ಸಾಲದು. ಬಹಳ ಮನೆಗಳಿಗೆ ಗೊತ್ತಿಲ್ಲದ ಸಂಗತಿಯೆಂದರೆ ಇದೇ. ಎಂ.ಎಸ್ಸಿ. ಪದವಿ ಶೇ 50ಕ್ಕೂ ಸಿಕ್ಕೀತು. ಆದರೆ ಅದರಾಚೆಯ ಬಾಗಿಲುಗಳಿಗೆ ಶೇ 55ರ ಬೀಗವಿದೆ. ಉಪನ್ಯಾಸಕ ವೃತ್ತಿಗೆ ಅರ್ಹತೆ ಕೊಡುವ ನೆಟ್ ಪರೀಕ್ಷೆಗೆ ಶೇ 55, ಪಿಎಚ್.ಡಿ. ಪ್ರವೇಶಕ್ಕೂ ಅಷ್ಟೇ. ಪರಿಶಿಷ್ಟರಿಗೆ ಮತ್ತು ನಿಯಮದಲ್ಲಿ ಹೇಳಿರುವ ಇತರ ವರ್ಗಗಳಿಗೆ ಶೇ 50. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಾಗಲು ಈ ಅಂಕದ ಜೊತೆಗೆ ನೆಟ್ ಅಥವಾ ಕೆ-ಸೆಟ್ ತೇರ್ಗಡೆಯಾಗಬೇಕು. ಪಿಯು ಉಪನ್ಯಾಸಕರ ಹುದ್ದೆಗೆ ಎಂ.ಎಸ್ಸಿ. ಜೊತೆ ಬಿ.ಎಡ್. ಬೇಕು, ಅಂದರೆ ಮನೆಯಲ್ಲಿ ಮೊದಲ ದಿನ ನಡೆದ 'ಬಿ.ಎಡ್. ಅಥವಾ ಎಂ.ಎಸ್ಸಿ.' ಚರ್ಚೆಯೇ ಇಲ್ಲಿ ಅರ್ಥ ಕಳೆದುಕೊಳ್ಳುತ್ತದೆ, ಎರಡೂ ಬೇಕಾಗುತ್ತವೆ.

ಮೊದಲ ಸೆಮಿಸ್ಟರಿನಲ್ಲಿ ಹಾಸ್ಟೆಲ್, ಹೊಸ ಊರು, ಇಂಗ್ಲಿಷಿನ ಪಾಠ ಎಂದು ತಡವರಿಸಿ ನಲವತ್ತರ ಆಸುಪಾಸಿನಲ್ಲಿ ನಿಂತವರು ಉಳಿದ ಮೂರರಲ್ಲಿ ಅರವತ್ತು ಗಳಿಸಿದರೂ ಸರಾಸರಿ ಐವತ್ತೈದಕ್ಕೆ ಬಂದು ನಿಲ್ಲುತ್ತದೆ, ಅದೂ ಕೂದಲೆಳೆಯಲ್ಲಿ. ಆದ್ದರಿಂದ ಮೊದಲ ಸೆಮಿಸ್ಟರನ್ನು ಹೊಂದಿಕೊಳ್ಳುವ ಕಾಲವೆಂದು ಬಿಟ್ಟುಬಿಡುವಂತಿಲ್ಲ. ಆಂತರಿಕ ಅಂಕಗಳು, ಸೆಮಿನಾರು, ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟು ಇದ್ದರೆ ಅದು, ಇವೆಲ್ಲ ಈ ಗೆರೆ ದಾಟಿಸುವ ಮೆಟ್ಟಿಲುಗಳು.

ಸಂಶೋಧನೆಯ ಕಡೆ ಒಲವಿದ್ದವರು ಸಿಎಸ್‌ಐಆರ್-ಯುಜಿಸಿ ನೆಟ್‌ನ ಕೆಮಿಕಲ್ ಸೈನ್ಸಸ್ ಪತ್ರಿಕೆಯನ್ನು ಎಂ.ಎಸ್ಸಿ. ಎರಡನೇ ವರ್ಷದಲ್ಲೇ ಬರೆಯಬಹುದು. 200 ಅಂಕಗಳ ಆ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್ ಗಿಟ್ಟಿಸಿದವರಿಗೆ, ಪಿಎಚ್.ಡಿ.ಗೆ ಸೇರಿದ ಮೇಲೆ, 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ತಿಂಗಳಿಗೆ 37,000 ರೂಪಾಯಿ. ಮಕ್ಕಳ ಓದಿಗೆ ಇನ್ನೆಷ್ಟು ವರ್ಷ ಹಣ ಹೊಂದಿಸಬೇಕೋ ಎಂದು ಚಿಂತಿಸುವ ತಂದೆ ತಾಯಂದಿರಿಗೆ ಇದು ಸಣ್ಣ ಸುದ್ದಿಯಲ್ಲ.

ಕೈಗಾರಿಕೆಯ ದಾರಿ ಬೇರೆ. ಬೆಂಗಳೂರಿನ ಬೊಮ್ಮಸಂದ್ರ, ಜಿಗಣಿ ಕಡೆಯ ಔಷಧ ಮತ್ತು ಸಂಶೋಧನಾ ಸಂಸ್ಥೆಗಳಲ್ಲಿ ನೆಟ್ ಕೇಳುವವರಿಲ್ಲ. ಸಾವಯವ ರಸಾಯನಶಾಸ್ತ್ರದವರಿಗೆ ಸಂಶ್ಲೇಷಣೆ, ವಿಶ್ಲೇಷಣಾ ರಸಾಯನಶಾಸ್ತ್ರದವರಿಗೆ ಗುಣಮಟ್ಟ ನಿಯಂತ್ರಣ ವಿಭಾಗ ಹೊಂದುತ್ತದೆ. ಸಂದರ್ಶನದಲ್ಲಿ ಒಂದು ಎನ್‌ಎಂಆರ್ ಹಾಳೆಯನ್ನೋ ಎಚ್‌ಪಿಎಲ್‌ಸಿ ಯಂತ್ರದಿಂದ ಬಂದ ಗೆರೆಗಳ ಚಿತ್ರವನ್ನೋ ಮುಂದಿಟ್ಟು 'ಇದು ಏನು ಹೇಳುತ್ತದೆ' ಎಂದು ಕೇಳಿದರೆ ಉತ್ತರ ಬರಬೇಕು. ಪುಸ್ತಕದ ವ್ಯಾಖ್ಯೆ ಅಲ್ಲಿ ನಡೆಯದು. ವಿಭಾಗದಲ್ಲಿ ಆ ಯಂತ್ರಗಳಿವೆಯೇ, ವಿದ್ಯಾರ್ಥಿಗಳಿಗೆ ಅವುಗಳನ್ನು ಮುಟ್ಟಲು ಬಿಡುತ್ತಾರೆಯೇ, ಇಲ್ಲ ಬೀಗ ಹಾಕಿದ ಕೋಣೆಯ ಗಾಜಿನಿಂದ ತೋರಿಸುತ್ತಾರೆಯೇ ಎಂಬುದನ್ನು ಪ್ರವೇಶಕ್ಕೆ ಮುಂಚೆ ಅಲ್ಲಿನ ಎರಡನೇ ವರ್ಷದವರನ್ನು ಕೇಳಿ ತಿಳಿದುಕೊಳ್ಳಬಹುದು.